ಹಂಪಿಯಲ್ಲಿ ಹರಿದ ಪುಟಗಳು

ಬ್ಯಾಗಿನಲ್ಲಿ ಕಾದಂಬರಿಯ ಹನ್ನೆರಡು ಪುಟ ಇಟ್ಟುಕೊಂಡು ಜನವರಿಯ ಒಂದು ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದೆ. ಕಥೆಯ ಕಾಲ 1520, ಮಹಾನವಮಿಯ ಹಿಂದಿನ ದಿನ. ಲಾಯದ ಹುಡುಗನೊಬ್ಬ ಆನೆಗೊಂದಿಯಿಂದ ಕುದುರೆ ಹಿಡಿದುಕೊಂಡು ಹೊಳೆ ದಾಟುತ್ತಾನೆ. ವಿರೂಪಾಕ್ಷನ ಗುಡಿ ಹತ್ತಿರ ಅವ್ವನನ್ನು ನೋಡಿ ಅರಮನೆಯ ಕಡೆ ಓಡುತ್ತಾನೆ. ಬರೆದು ಮುಗಿಸಿದ್ದೆ. ಜಾಗ ನೋಡಿ ಒಂದಿಷ್ಟು ಬಣ್ಣ ತುಂಬಿದರೆ ಆಯ್ತು ಅಂದುಕೊಂಡಿದ್ದೆ.

ಮೊದಲ ಪೆಟ್ಟು ತಿಂಡಿಯ ಹೊತ್ತಿಗೇ ಬಿತ್ತು. ಈ ಕಡೆಯ ರೂಢಿಯಂತೆ ಒಗ್ಗರಣೆ, ಮಿರ್ಚಿ ತೆಗೆದುಕೊಂಡೆ. ಮಿರ್ಚಿ ಕಚ್ಚಿದವನಿಗೆ ಮೂರನೆಯ ಪುಟ ನೆನಪಾಯಿತು. ಅವ್ವ ಮಗನಿಗೆ ರೊಟ್ಟಿ ಜೊತೆ ಹಸಿಮೆಣಸಿನಕಾಯಿ ಚಟ್ನಿ ಕೊಡುತ್ತಾಳೆ! ಮೆಣಸಿನಕಾಯಿ ಅಮೆರಿಕದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. 1520ರ ಹೊತ್ತಿಗೆ ಬಡವರ ಮನೆ ಒಲೆಯವರೆಗೆ ಬಂದಿತ್ತು ಅಂದರೆ ಯಾರೂ ಒಪ್ಪಲಾರರು. ಆಗ ಖಾರಕ್ಕೆ ಕಾಳುಮೆಣಸು ಇತ್ತು. ಹೊಸ ಕಾಯಿಗೆ ಹೆಸರನ್ನೂ ಅದರಿಂದಲೇ ಕೊಟ್ಟೆವು, ಅಲ್ವಾ? ಚಟ್ನಿಗೆ ಅಲ್ಲೇ ಪೆನ್ನಿನಲ್ಲಿ ಗೀಟು ಹಾಕಿದೆ.

ಆಮೇಲೆ ಹುಡುಗ ಓಡಿದ ದಾರಿ ಹಿಡಿದು ನಡೆದೆ. ವಿಠ್ಠಲ ದೇವಾಲಯದಿಂದ ಹೊಳೆಯ ಗುಂಟ ವಿರೂಪಾಕ್ಷಕ್ಕೆ ಸುಮಾರು ಎರಡು ಕಿಲೋಮೀಟರ್. ನನ್ನ ಪುಟದಲ್ಲಿ ಅದು ಎರಡು ಸಾಲು. ಬಂಡೆ ಹತ್ತಿ ಇಳಿಯುವಷ್ಟರಲ್ಲಿ ನನಗೆ ಏದುಸಿರು. ಅವನೋ ಬರಿಗಾಲಿನಲ್ಲಿ, ಕುದುರೆಯ ಹಗ್ಗ ಹಿಡಿದು ಬರುವವನು. ಮಧ್ಯೆ ಅಚ್ಯುತರಾಯ ದೇವಾಲಯದ ನೆರಳಿನಲ್ಲಿ ಅವನನ್ನು ಕೂರಿಸಿದ್ದೆ. ಅದು ಕಟ್ಟಿದ್ದು 1534ರಲ್ಲಿ. ಮುಂದೆ ಅವನು ಕೈಮುಗಿಯುವ ದೊಡ್ಡ ಉಗ್ರನರಸಿಂಹನನ್ನು ಕೆತ್ತಿ ನಿಲ್ಲಿಸಿದ್ದು 1528ರಲ್ಲಿ. ವಿಠ್ಠಲನ ಅಂಗಳದಲ್ಲಿ ಅವನು ಕಣ್ಣರಳಿಸಿ ನೋಡಿದ ಕಲ್ಲಿನ ರಥ ಈಗ ಕಾಣುವ ರಥ. 1856ರಲ್ಲಿ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ತೆಗೆದ ಫೋಟೋದಲ್ಲಿ ಅದರ ಮೇಲೆ ಇಟ್ಟಿಗೆಯ ಗೋಪುರ ಇದೆ, ಈಗ ಅದಿಲ್ಲ. ಕೃಷ್ಣ ದೇವಾಲಯ ಮಾತ್ರ ನನ್ನ ಮಾನ ಉಳಿಸಿತು. ಕೃಷ್ಣದೇವರಾಯ ಉದಯಗಿರಿ ಗೆದ್ದು ತಂದ ಬಾಲಕೃಷ್ಣನಿಗೆ ಕಟ್ಟಿಸಿದ್ದು, 1520ಕ್ಕೆ ಅದು ಇನ್ನೂ ಹೊಸ ಗುಡಿ. ಹೊಸ ಗುಡಿ! ಹಾಳು ಹಂಪಿ ನೋಡುತ್ತ ನೋಡುತ್ತ, ಹುಡುಗನ ಕಣ್ಣಿಗೆ ಇದೆಲ್ಲ ಸುಣ್ಣ ಬಣ್ಣದ ಊರು ಅನ್ನುವುದೇ ಮರೆತುಹೋಗುತ್ತದೆ.

ಅರಮನೆಯ ಆವರಣದಲ್ಲಿ ಮಹಾನವಮಿ ದಿಬ್ಬಕ್ಕಿಂತ ಜಾಸ್ತಿ ಹೊತ್ತು ನಾನು ನಿಂತದ್ದು ಮೆಟ್ಟಿಲು ಪುಷ್ಕರಣಿಯ ಮುಂದೆ. 1980ರ ದಶಕದಲ್ಲಿ ಅಗೆದಾಗ ಸಿಕ್ಕಿದ್ದು. ಕಪ್ಪು ಕಲ್ಲಿನ ಮೆಟ್ಟಿಲುಗಳು ಇವತ್ತು ಜೋಡಿಸಿದ ಹಾಗಿವೆ. ಕಲ್ಲುಗಳ ಮೇಲೆ ಗುರುತುಗಳಿವೆ: ಯಾವ ದಿಕ್ಕು, ಎಷ್ಟನೆಯ ಸಾಲು ಅಂತ. ಬೇರೆಲ್ಲೋ ಕಡಿದು, ಗುರುತು ಹಾಕಿ, ಇಲ್ಲಿ ತಂದು ಕೂರಿಸಿದ್ದಾರೆ. ಪೂರ್ವದ ಕಲ್ಲಿಗೆ ಪಶ್ಚಿಮ ಅಂತ ಕೆತ್ತಿ ಬೈಸಿಕೊಂಡ ಒಬ್ಬ ಕಲ್ಲುಕುಟಿಗನಾದರೂ ಇದ್ದಿರಬೇಕು. ಇದನ್ನು ಅಧ್ಯಾಯದೊಳಗೆ ತುರುಕಬೇಕು ಅಂತ ಕೈ ತುರಿಸತೊಡಗಿತು. ಐತಿಹಾಸಿಕ ಕಾದಂಬರಿ ಬರೆಯುವವರಿಗೆ ಅಂಟುವ ಕೆಟ್ಟ ಚಟ ಇದು. ಸಿಕ್ಕಿದ್ದನ್ನೆಲ್ಲ ಓದುಗರಿಗೆ ತೋರಿಸಿಯೇ ತೀರಬೇಕು. ಲಾಯದ ಹುಡುಗನನ್ನು ರಾಜನ ಪುಷ್ಕರಣಿಗೆ ಯಾರು ಬಿಡುತ್ತಾರೆ? ನೋಟ್ ಬುಕ್ಕಿನಲ್ಲಿ ಬರೆದುಕೊಂಡು ಸುಮ್ಮನಾದೆ. ಆ ಕಲ್ಲುಕುಟಿಗನಿಗೆ ಬೇರೆಯೇ ಕಥೆ ಬೇಕು.

ಕಮಲ ಮಹಲಿನ ಹತ್ತಿರ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆ ಹೆಸರು ಈಚಿನದು. ಅರಸರ ಕಾಲದವರು ಅದನ್ನು ಹಾಗೆ ಕರೆಯುತ್ತಿರಲಿಲ್ಲ. ಸಂಭಾಷಣೆಯಲ್ಲಿ ಎರಡು ಕಡೆ ಬಂದಿತ್ತು, ಎರಡೂ ಹೋದವು.

ಸಂಜೆ ಹೊಳೆಗೆ ಬಂದೆ. ನೀರು ಕಡಿಮೆ ಇತ್ತು, ಅಲ್ಲಲ್ಲಿ ಮೊಣಕಾಲುದ್ದ. ಇದೊಂದಾದರೂ ಸರಿ ಇದೆ ಅನಿಸಿತು, ನನ್ನ ಹುಡುಗ ಹೊಳೆಯನ್ನು ನಡೆದೇ ದಾಟುತ್ತಾನೆ. ಹರಿಗೋಲಿನವರನ್ನು ಕೇಳಿದೆ, "ಅಣ್ಣಾ, ನವರಾತ್ರಿ ಹೊತ್ತಿಗೂ ಹಿಂಗೇ ನಡೆದು ದಾಟಬಹುದಾ?"

ಅವರು ನಕ್ಕರು. "ನವರಾತ್ರಿಗೆ ನಡಕೊಂಡು ದಾಟ್ತೀರೇನ್ರೀ? ಡ್ಯಾಮಿನಾಗ ನೀರು ಬಿಟ್ರ ಹರಿಗೋಲೂ ಹಾಕಂಗಿಲ್ಲ."

ಡ್ಯಾಮ್! ಹೊಸಪೇಟೆಯ ಪಕ್ಕದ ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ನಾನು ಸಾಕ್ಷಿ ಅಂತ ನೋಡುತ್ತಿದ್ದ ಈ ಮೊಣಕಾಲುದ್ದದ ನೀರು ಗೇಟು ಹಾಕಿ ತೆಗೆದು ಬಿಟ್ಟ ನೀರು. 1520ರಲ್ಲಿ ತಡೆಯಿಲ್ಲದ ಹೊಳೆ, ಮಳೆಗಾಲ ಆಗಷ್ಟೇ ಮುಗಿದಿರುತ್ತದೆ.

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಆ ಕಾಲದಲ್ಲೇ ಇಲ್ಲಿಗೆ ಬಂದವನು. ಅವನ ಮಾತನ್ನು ನಾನು ಎಷ್ಟೋ ಸಲ ಓದಿದ್ದೆ, ಕಣ್ಣು ಮಾತ್ರ ಮೆರವಣಿಗೆಯ ವರ್ಣನೆಗೆ ಹಾರುತ್ತಿತ್ತು. ಬುಟ್ಟಿಯಂಥ ದುಂಡು ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಅಂತ ಬರೆದಿದ್ದಾನೆ. ಬೇಕಾದರೆ ಕುದುರೆಯನ್ನೂ ಅದರಲ್ಲಿ ಹತ್ತಿಸುತ್ತಾರೆ, ಆದರೆ ಹೆಚ್ಚಾಗಿ ಅವು ಈಜಿಯೇ ದಾಟುತ್ತವೆ.

ಹರಿಗೋಲು ಹತ್ತಿ ಕೂತೆ. ಈಗ ಹೊರಗೆ ಚರ್ಮದ ಬದಲು ಪ್ಲಾಸ್ಟಿಕ್. ಸುತ್ತುವುದು ಮಾತ್ರ ಹಾಗೇ ಇದೆ. ಒಮ್ಮೆ ಮಾತಂಗ ಬೆಟ್ಟ ಮುಖಕ್ಕೆ ಬರುತ್ತದೆ, ಒಮ್ಮೆ ಆಚೆ ದಡ. ಹುಡುಗ ಇದರಲ್ಲೇ ಕೂತಿರಬೇಕು, ಹಗ್ಗ ಕೈಯಲ್ಲಿ. ಕುದುರೆ ನೀರಿನಲ್ಲಿ, ಮೂಗು ಮಾತ್ರ ಮೇಲೆ. ದೋಣಿ ಸುತ್ತಿದ ಹಾಗೆಲ್ಲ ಕುದುರೆ ಅವನ ಕಣ್ಣಿಂದ ಮರೆಯಾಗುತ್ತದೆ. ಹಗ್ಗ ಬಿಗಿಯಾಗಿದೆಯಾ ಅಂತ ಕೈಯಲ್ಲೇ ನೋಡಿಕೊಳ್ಳುತ್ತಾನೆ.

ದಡಕ್ಕೆ ಬಂದ ಮೇಲೂ ನಾನು ಇಳಿಯಲಿಲ್ಲ. ಇನ್ನೊಂದು ಸುತ್ತು ಹೋಗೋಣ ಅಂದೆ.