ಬಳ್ಳಾರಿಯಲ್ಲಿ ಕುಳಿತು 8,000 ರೂಪಾಯಿಯ ಜೀನ್ಸ್ ಮಾರುವುದೇಕೆ?

"ಇದೇ ಬಳ್ಳಾರಿಯಲ್ಲಿ 500 ರೂಪಾಯಿಗೆ ಜೀನ್ಸ್ ಸಿಗುವಾಗ ನಿನ್ನದಕ್ಕೆ 8,000 ಯಾಕೆ?" ಅಳತೆ ತೆಗೆದುಕೊಂಡು ಜೀನ್ಸ್ ಹೊಲಿದುಕೊಡುವ ಸಣ್ಣ ಅಂಗಡಿ ತೆರೆದ ದಿನದಿಂದ ಈ ಪ್ರಶ್ನೆಗೆ ಉತ್ತರಿಸಿ ಗಂಟಲು ಒಣಗಿದೆ. ಆದ್ದರಿಂದ ಒಮ್ಮೆ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ, ಬೇಸರಪಡುವವರು ಬೇಸರಪಡಲಿ.

ಮೊದಲು ಬಟ್ಟೆಯ ಲೆಕ್ಕ. ನಾನು ಬಳಸುವುದು ಲಾಳಿ ಓಡುವ ಹಳೆಯ ಮಾದರಿಯ ಮಗ್ಗದಲ್ಲಿ ನೇಯ್ದ ಸೆಲ್ವೆಜ್ ಡೆನಿಮ್. ಅಡ್ಡಕ್ಕೆ ಓಡುವ ಹೊಕ್ಕುನೂಲು ತುಂಡಾಗದೆ ಹೋಗಿ ಹಿಂದಿರುಗುವುದರಿಂದ ಅದರ ಅಂಚು ಬಿಚ್ಚಿಕೊಳ್ಳುವುದಿಲ್ಲ. ಆದರೆ ಅಗಲ ಸುಮಾರು 30 ಇಂಚು ಮಾತ್ರ, ಹಾಗಾಗಿ ಒಂದು ಪ್ಯಾಂಟಿಗೆ ಎರಡೂವರೆ ಮೀಟರಿನಷ್ಟು ಬೇಕು. ಉದ್ದಕ್ಕೆ ಓಡುವ ಹಾಸುನೂಲನ್ನು ನೀಲಿಯಲ್ಲಿ ಮತ್ತೆ ಮತ್ತೆ ಅದ್ದಿದರೂ ಎಳೆಯ ಒಳಗು ಬಿಳಿಯಾಗಿಯೇ ಉಳಿಯುವುದರಿಂದ, ತೊಟ್ಟವರ ಮೊಣಕಾಲು ಮಡಿಚಿದಲ್ಲಿ, ಜೇಬು ಸವೆದಲ್ಲಿ ಬಣ್ಣ ಬಿಡುತ್ತದೆ. ಹೊಸ ಜೀನ್ಸನ್ನು ಒಗೆದು ಮಾಸಿಸುವ ವಾಷಿಂಗ್ ಘಟಕಗಳು ಕೆಲವು ಗಂಟೆಗಳಲ್ಲಿ ತರಿಸುವ ಹಳತನವನ್ನು ನನ್ನ ಗಿರಾಕಿ ವರ್ಷಗಟ್ಟಲೆ ತೊಟ್ಟು ಸಂಪಾದಿಸಬೇಕು. ಹೌದು, ದುಡ್ಡೂ ಅವರದೇ, ದುಡಿಮೆಯೂ ಅವರದೇ.

ಇಷ್ಟು ಹೇಳಿದರೂ ಕೇಳುವವರ ಧಾಟಿ ಬದಲಾಗುವುದಿಲ್ಲ. ಸಿರುಗುಪ್ಪದ ಒಂದು ಮದುವೆಯಲ್ಲಿ ನನ್ನ ಸೋದರಮಾವ ಊಟದ ಪಂಕ್ತಿಯಲ್ಲೇ ನನ್ನ ಪ್ಯಾಂಟಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು, ಒಣಮೆಣಸಿನಕಾಯಿ ಪರೀಕ್ಷಿಸುವ ದಲ್ಲಾಳಿಯಂತೆ ತಿಕ್ಕಿ, "ಏನಲೇ, ಬಂಗಾರದ ದಾರ ಹಾಕಿ ಹೊಲ್ದೀಯೇನು?" ಎಂದು ಎಲ್ಲರಿಗೂ ಕೇಳಿಸುವಂತೆ ಕೇಳಿದರು. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ಹುಡುಗನೂ ನಕ್ಕ. ಅತ್ತೆ ಅಂದು ಉಟ್ಟಿದ್ದ ರೇಷ್ಮೆ ಸೀರೆ 22,000 ರೂಪಾಯಿಯದೆಂದು ಬೆಳಗಿನಿಂದ ಸಾರುತ್ತಿದ್ದವರೂ ಇದೇ ಮಾವ. ಅದರ ಜರಿಯಲ್ಲಿ ಬಂಗಾರವೆಷ್ಟಿದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಹೋಳಿಗೆ ಚೆನ್ನಾಗಿತ್ತು.

ಬೆಲೆ ಯಾಕೆ ಎನ್ನುವ ಬದಲು ಹೊಲಿದವರು ಯಾರು ಎಂದು ಒಬ್ಬರಾದರೂ ಕೇಳಬಾರದೇ? ನಮ್ಮ ಊರಿನ ಜೀನ್ಸ್ ಘಟಕಗಳಲ್ಲಿ ಒಬ್ಬರು ಜೇಬು ಹೊಲಿದರೆ ಇನ್ನೊಬ್ಬರು ಝಿಪ್ ಕೂಡಿಸುತ್ತಾರೆ, ಕೂಲಿ ಪೀಸಿನ ಲೆಕ್ಕ. ನನ್ನಲ್ಲಿರುವ ಟೈಲರ್ ಅಲ್ಲಿ 26 ವರ್ಷ ಕಾಲ ಪ್ಯಾಂಟಿನ ಹಿಂಬದಿಯ ಜೇಬನ್ನಷ್ಟೇ ಹೊಲಿದವರು. ಇಡೀ ಪ್ಯಾಂಟ್ ಹೊಲಿಯಿರಿ ಎಂದಾಗ ಮೊದಲನೆಯದಕ್ಕೆ ಎರಡು ದಿನ ಹಿಡಿಯಿತು, ಸೊಂಟಪಟ್ಟಿಯನ್ನು ಮೂರು ಸಲ ಬಿಚ್ಚಿದರು. ಈಗ ಅವರಿಗೆ ತಿಂಗಳ ಸಂಬಳ. 8,000ದಲ್ಲಿ ಬಟ್ಟೆಯ ನಂತರದ ದೊಡ್ಡ ಪಾಲು ಅದೇ. ನನಗೆ ಲಾಭವಿಲ್ಲವೆಂದು ನಾನೇನೂ ಹೇಳುತ್ತಿಲ್ಲ.

ಪ್ಯಾಂಟಿನ ಜೇಬು ಹರಿಯದಂತೆ ಅದರ ಮೂಲೆಗೆ ತಾಮ್ರದ ರಿವೆಟ್, ಅಂದರೆ ಸಣ್ಣ ಲೋಹದ ಗುಬ್ಬಿ, ಹೊಡೆಯುವ ಉಪಾಯ ಹೊಳೆದದ್ದು ಅಮೆರಿಕದ ರೀನೋ ಊರಿನ ಜೇಕಬ್ ಡೇವಿಸ್ ಎಂಬ ದರ್ಜಿಗೆ. ಆತ ತನಗೆ ಬಟ್ಟೆ ಒದಗಿಸುತ್ತಿದ್ದ ವ್ಯಾಪಾರಿಯನ್ನು ಜೊತೆಗೆ ಸೇರಿಸಿಕೊಂಡು 1873ರ ಮೇ 20ರಂದು ಪೇಟೆಂಟ್ ಪಡೆದ. ಆ ವ್ಯಾಪಾರಿಯ ಹೆಸರು ಲೀವೈ ಸ್ಟ್ರಾಸ್. ಇಬ್ಬರಲ್ಲಿ ಯಾರ ಹೆಸರು ಪ್ಯಾಂಟಿನ ಮೇಲೆ ಉಳಿಯಿತೆಂದು ನಾನು ಹೇಳಬೇಕಾಗಿಲ್ಲ.

ನಮ್ಮ ಪ್ಯಾಂಟಿನ ಜೇಬಿನೊಳಗೆ ಹೊಲಿದವರ ಹೆಸರು ಕನ್ನಡದಲ್ಲಿರುತ್ತದೆ. ಕಳೆದ ತಿಂಗಳು ಮಾವ ಅಂಗಡಿಗೆ ಬಂದು, ಜೇಬನ್ನು ಹೊರಗೆಳೆದು ಹೆಸರು ಓದಿ, "ಇವನು ಯಾರ ಪೈಕಿ?" ಎಂದು ವಿಚಾರಿಸಿದರು. ಒಳಗೆ ಮಷಿನ್ ನಿಂತಿತು. "ನಾನೇರೀ, ಅಳತಿ ಕೊಡ್ತೀರೇನು?" ಎಂದರು ಟೈಲರ್.