ಹಗುರ ಹಿಗ್ಸ್ ಬಿಡದೆ ಕಾಡುತ್ತಿದೆ

2012ರ ಜುಲೈ 4ರಂದು ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ ಹಿಗ್ಸ್ ಬೋಸಾನ್ (ಮೂಲ ಕಣಗಳಿಗೆ ದ್ರವ್ಯರಾಶಿ ಕೊಡುವ ಕ್ಷೇತ್ರದ ಕಣ) ಸಿಕ್ಕ ಸುದ್ದಿ ಬಂತಲ್ಲ, ಎಲ್ಲರಿಗೂ ಆ ಸಂಭ್ರಮ ನೆನಪಿದೆ. ನನಗೆ ಈಗಲೂ ತಲೆ ತಿನ್ನೋದು ಅದರ ದ್ರವ್ಯರಾಶಿ. ಸುಮಾರು 125 ಜಿಇವಿ (ಕಣಗಳ ದ್ರವ್ಯರಾಶಿಯ ಅಳತೆ, ಒಂದು ಪ್ರೋಟಾನ್ ಹತ್ತಿರ ಹತ್ತಿರ 1 ಜಿಇವಿ), ಅಷ್ಟೇ. ಇಷ್ಟು ಕಡಿಮೆ ಯಾಕೆ?

ಹಿಗ್ಸ್ ಜೊತೆ ಬೆರೆಯುವ ಪ್ರತಿ ಕಣವೂ, ಅದರಲ್ಲೂ ಅತಿ ಭಾರದ ಮೂಲ ಕಣವಾದ ಟಾಪ್ ಕ್ವಾರ್ಕ್, ಹಿಗ್ಸ್‌ನ ದ್ರವ್ಯರಾಶಿಯ ಲೆಕ್ಕಕ್ಕೆ ತನ್ನ ಪಾಲು ಸೇರಿಸುತ್ತದೆ. ಇವತ್ತಿನ ಸಿದ್ಧಾಂತವನ್ನೇ ಪ್ಲಾಂಕ್ ಮಟ್ಟದವರೆಗೆ, ಅಂದ್ರೆ ಗುರುತ್ವವೂ ಕ್ವಾಂಟಂ ಲೆಕ್ಕಕ್ಕೆ ಬರಲೇಬೇಕಾದ ಭಾರಿ ಶಕ್ತಿಯವರೆಗೆ, ಒಯ್ದರೆ ಆ ಪಾಲು ಎಷ್ಟು ದೊಡ್ಡದಾಗುತ್ತದೆ ಅಂದ್ರೆ, ಎರಡು ದೈತ್ಯ ಸಂಖ್ಯೆಗಳು 30ಕ್ಕೂ ಹೆಚ್ಚು ಅಂಕಿಗಳವರೆಗೆ ಒಂದನ್ನೊಂದು ಕರಾರುವಾಕ್ಕಾಗಿ ಹೊಡೆದುಹಾಕಿದರೆ ಮಾತ್ರ ಕೊನೆಗೆ 125 ಉಳಿಯುತ್ತದೆ. ಸುಮ್ನೆ ಹಾಗೆ ಆಯ್ತು ಅಂತ ಒಪ್ಪೋಕೆ ಮನಸ್ಸು ಬರಲ್ಲ, ಅಲ್ವಾ?

ಸೂಪರ್‌ಸಿಮೆಟ್ರಿ ಅನ್ನೋ ಸಿದ್ಧಾಂತ ಇದಕ್ಕೆ ಕೊಟ್ಟ ಉತ್ತರ ನಿಜಕ್ಕೂ ಚೆಂದ. ಪ್ರತಿ ಕಣಕ್ಕೂ ಒಂದು ಜೊತೆಗಾರ ಕಣ. ಟಾಪ್ ಸೇರಿಸಿದ್ದನ್ನು ಅದರ ಜೊತೆಗಾರ ಸ್ಟಾಪ್ ಕಳೆಯುತ್ತದೆ. ಆದರೆ ಸ್ಟಾಪ್ ಜಾಸ್ತಿ ಭಾರ ಇರಬಾರದು, ಇದ್ದರೆ ಕಳೆಯೋದು ಪೂರ್ತಿ ಆಗಲ್ಲ. ತೊಡಕು ಇಲ್ಲೇ ಇದೆ. ಇದರ ಅತಿ ಸರಳ ಮಾದರಿಯಲ್ಲಿ ಮೊದಲ ಲೆಕ್ಕಕ್ಕೆ ಹಿಗ್ಸ್‌ನ ದ್ರವ್ಯರಾಶಿ 91 ಜಿಇವಿಯ ಝಡ್ ಕಣದ್ದನ್ನು (ದುರ್ಬಲ ಬಲವನ್ನು ಹೊರುವ ಕಣ) ದಾಟುವುದಿಲ್ಲ. 125ಕ್ಕೆ ಏರಿಸಬೇಕಾದರೆ ಸ್ಟಾಪ್ ಭಾರವಾಗಬೇಕು, ಇಲ್ಲವೇ ಎರಡು ಸ್ಟಾಪ್‌ಗಳು (ಟಾಪ್‌ನ ಎಡ, ಬಲ ಎರಡು ರೂಪಗಳಿಗೂ ಒಂದೊಂದು) ಚೆನ್ನಾಗಿ ಬೆರೆಯಬೇಕು, ಹಾಗಾದಾಗ ಹೊಂದಾಣಿಕೆಯ ಅದೇ ಕಷ್ಟ ಸ್ವಲ್ಪ ಸಣ್ಣ ರೂಪದಲ್ಲಿ ವಾಪಸ್ ಬರುತ್ತದೆ.

ಸರ್ನ್‌ನ ದೈತ್ಯ ಕಣ ಡಿಕ್ಕಿ ಯಂತ್ರ ಎಲ್‌ಎಚ್‌ಸಿಯಲ್ಲಿ ಸಾವಿರ ಜಿಇವಿ ಆಚೆವರೆಗೂ ಹುಡುಕಿದ್ದಾರೆ, ಸ್ಟಾಪ್ ಸಿಕ್ಕಿಲ್ಲ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿದ್ದ ಭೌತವಿಜ್ಞಾನಿ ರೋಹಿಣಿ ಗೋಡ್ಬೋಲೆ ಅವರೂ ಇಂಥ ಕಣಗಳ ಬಗ್ಗೆ ದಶಕಗಳ ಕಾಲ ದುಡಿದವರು. ಹಿಗ್ಸ್ ಇಷ್ಟು ಹಗುರ ಯಾಕೆ ಅನ್ನೋ ಪ್ರಶ್ನೆಯೇ ತಪ್ಪು ಅನ್ನೋರು ಈಗ ಹೆಚ್ಚಾಗಿದ್ದಾರೆ. ನನಗೆ ಹಾಗನಿಸಲ್ಲ. ಉತ್ತರ ಸೂಪರ್‌ಸಿಮೆಟ್ರಿ ಅಲ್ಲದೇ ಇರಬಹುದು, ಆದರೆ ಆ 125ಕ್ಕೆ ಒಂದು ಕಾರಣ ಇದ್ದೇ ಇದೆ ಅಂತ ಗಟ್ಟಿಯಾಗಿ ನಂಬಿದ್ದೇನೆ.