ನಿಲ್ಲಿಸಿದ ವಚನದಿಂದಲೇ ಮುಂದಕ್ಕೆ

ಜಿನೀವಾದ ಸರೋವರ, ಕಾರಂಜಿ, ಗಡಿಯಾರದ ಅಂಗಡಿಗಳು ಎಲ್ಲ ಚೆನ್ನಾಗಿವೆ, ಅಷ್ಟೇ. ನನ್ನನ್ನು ಹಿಡಿದು ಕೂರಿಸಿದ್ದು ಹಳೇ ಪೇಟೆಯ ದಿಬ್ಬದ ಮೇಲಿರುವ ಸೇಂಟ್ ಪಿಯರ್ ಚರ್ಚು.

ಒಳಗೆ ಗೋಡೆಗಳು ಬೋಳು. 1535ರಲ್ಲಿ ಕ್ರೈಸ್ತ ಧರ್ಮದ ಸುಧಾರಣೆಯ ಪರ ಇದ್ದ ಜನ ಇಲ್ಲಿದ್ದ ವಿಗ್ರಹಗಳನ್ನು ಒಡೆದುಹಾಕಿದ್ದರು. ಒಂದು ಕಡೆ ಹಳೆಯ ಮರದ ಕುರ್ಚಿಯಿದೆ. ಆ ಸುಧಾರಣೆಯ ಮುಂದಾಳು, ಇಲ್ಲಿ ಪ್ರವಚನ ಹೇಳುತ್ತಿದ್ದ ಜಾನ್ ಕ್ಯಾಲ್ವಿನ್ ಕೂರುತ್ತಿದ್ದದ್ದು ಅಂತ ಹೇಳುತ್ತಾರೆ. ಅದನ್ನೇ ನೋಡುತ್ತಾ ನಿಂತಿದ್ದಾಗ ಪಕ್ಕದ ಬೆಂಚಿನಲ್ಲಿದ್ದ ವಯಸ್ಸಾದ ಮಹಿಳೆಯೊಬ್ಬರು ಮಾತಿಗೆ ಸಿಕ್ಕರು. ನಿವೃತ್ತ ಶಿಕ್ಷಕಿ, ಇದೇ ಊರಿನವರು.

"1538ರಲ್ಲಿ ಊರಿನವರು ಅವನನ್ನು ಓಡಿಸಿದರು. ಮೂರು ವರ್ಷ ಆದ್ಮೇಲೆ ಅವರೇ ವಾಪಸ್ ಕರೆಸಿದರು. ಮೊದಲ ಪ್ರವಚನದಲ್ಲಿ ಏನು ಹೇಳಿದ ಗೊತ್ತಾ?"

ಬೈದಿರಬೇಕು ಅಂದುಕೊಂಡೆ. ಇಲ್ಲವಂತೆ. ಹಿಂದೆ ಬೈಬಲಿನ ಯಾವ ವಚನಕ್ಕೆ ನಿಲ್ಲಿಸಿದ್ದನೋ, ಅದರ ಮುಂದಿನಿಂದ ಅರ್ಥ ಹೇಳಲು ಶುರು ಮಾಡಿದನಂತೆ.

ನನಗೆ ಮೈ ಜುಮ್ಮೆಂದಿತು. ಅವನ ಪದ್ಧತಿಯೇ ಅದು. ತನಗೆ ಬೇಕಾದ ವಚನ ಆರಿಸಿಕೊಳ್ಳುವುದಲ್ಲ, ಇಡೀ ಪುಸ್ತಕವನ್ನು ಸಾಲಾಗಿ ಓದುತ್ತಾ ಹೋಗುವುದು. ಬರೆದವನು ತನ್ನ ಕಾಲದ ಜನಕ್ಕೆ ಏನು ಹೇಳಹೊರಟಿದ್ದ ಅಂತ ಮೊದಲು ಹುಡುಕುವುದು. ಗೂಢಾರ್ಥದ ಕಸರತ್ತು ಅವನಿಗೆ ಹಿಡಿಸುತ್ತಿರಲಿಲ್ಲ. ಬೈಬಲಿನ ಯೋಬನ ಪುಸ್ತಕ ಒಂದರ ಮೇಲೇ 159 ಪ್ರವಚನ ಕೊಟ್ಟಿದ್ದಾನೆ! ಮುದುಕರ ಮಂಜುಗಣ್ಣಿಗೆ ಕನ್ನಡಕ ಹೇಗೋ, ದೇವರನ್ನು ಅರಿಯಲು ಶಾಸ್ತ್ರ ಹಾಗೆ ಅಂತ ಅವನೇ ಬರೆದಿದ್ದ.

ಆ ಪ್ರವಚನಗಳನ್ನು ಡೆನಿಸ್ ರಾಗನಿಯೆ ಎಂಬ ಫ್ರೆಂಚ್ ನಿರಾಶ್ರಿತ 1549ರಿಂದ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದ. 1805ರಲ್ಲಿ ಆ ಹಸ್ತಪ್ರತಿಗಳಲ್ಲಿ ಹೆಚ್ಚಿನವನ್ನು ತೂಕಕ್ಕೆ ಹಾಕಿ ಮಾರಿಬಿಟ್ಟರಂತೆ. ಕೇಳಿ ಹೊಟ್ಟೆ ಉರಿಯಿತು.

ಅಲ್ಲಿಂದ ಬಾಸ್ಟಿಯನ್ ಪಾರ್ಕಿಗೆ ಇಳಿದೆವು. (ಹೋಟೆಲಿನಲ್ಲಿ ಉಳಿದವರಿಗೆ ಜಿನೀವಾದಲ್ಲಿ ಬಸ್ಸು, ಟ್ರಾಮು ಉಚಿತ. ನಾವು ಇಳಿದುಕೊಂಡಿದ್ದ ಕಡೆ ಒಬ್ಬರೂ ಬಾಯಿ ಬಿಡಲಿಲ್ಲ, ಸುಮ್ನೆ ಟಿಕೆಟ್ಟಿಗೆ ದುಡ್ಡು ಸುರಿದೆವು. ಹೋಟೆಲಿನವರನ್ನೇ ಪಾಸ್ ಕೇಳಿ ಪಡೆಯಿರಿ.) ಪಾರ್ಕಿನ ಗೋಡೆಯಲ್ಲಿ ಐದು ಮೀಟರ್ ಎತ್ತರದ ಕ್ಯಾಲ್ವಿನ್ ಇದ್ದಾನೆ. ನನಗೆ ಇಷ್ಟವಾಗಲಿಲ್ಲ. ಗೋರಿಗೆ ಗುರುತೂ ಬೇಡ ಅಂದವನಿಗೆ ಇಂಥ ಪ್ರತಿಮೆಯೇ?

ಚರ್ಚಿನಲ್ಲಿ ಆ ಶಿಕ್ಷಕಿಯನ್ನು ಇನ್ನೊಂದು ವಿಷಯವನ್ನೂ ಕೇಳಿದ್ದೆ. 1553ರಲ್ಲಿ ತ್ರಯೈಕತ್ವ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ನಂಬಿಕೆ) ಒಪ್ಪದ ಮಿಗೆಲ್ ಸರ್ವೆಟಸ್‌ನನ್ನು ಇದೇ ಊರಿನಲ್ಲಿ ಜೀವಂತ ಸುಟ್ಟರು. ಕ್ಯಾಲ್ವಿನ್ ಅವನ ವಿರುದ್ಧ ನಿಂತಿದ್ದ. ಶಾಸ್ತ್ರವನ್ನು ಅಷ್ಟು ನಿಧಾನವಾಗಿ ಓದಿದವನು ಇದನ್ನು ಹೇಗೆ ಒಪ್ಪಿದ?

"1903ರಲ್ಲಿ ನಮ್ಮವರು ಅಲ್ಲೊಂದು ಕಲ್ಲು ನೆಟ್ಟರು. ಅದು ಆ ಶತಮಾನದ ತಪ್ಪು ಅಂತ ಕೆತ್ತಿದ್ದಾರೆ," ಅಂದರು.

ನಾನು ಬಿಡಲಿಲ್ಲ. "ಅದೇ ಶತಮಾನದ ಕಾಸ್ಟೆಲಿಯೊ ಎಂಬ ವಿದ್ವಾಂಸ, ಮನುಷ್ಯನನ್ನು ಕೊಂದರೆ ಸಿದ್ಧಾಂತ ಉಳಿಸಿದಂತಲ್ಲ, ಮನುಷ್ಯನನ್ನು ಕೊಂದಂತೆ ಅಂತ ಬರೆದಿದ್ದನಲ್ಲ?"

ಅವರು ಸ್ವಲ್ಪ ಹೊತ್ತು ಕುರ್ಚಿಯ ಕಡೆ ನೋಡಿದರು. "ಹೌದು," ಅಂದರು. "ಅವನೂ ಇದೇ ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಕ್ಯಾಲ್ವಿನ್‌ನೇ ಕರೆತಂದಿದ್ದ."